ಮಡುವಿನ ಏಳು ನೀರುನಾಯಿಗಳು

"ನಂಬುವುದಾದರೆ ನಂಬಿ, ಬಿಟ್ಟರೆ ಬಿಡಿ ಗುರುಗಳೇ. ಹುಟ್ಟಿ ಇಪ್ಪತ್ತಮೂರು ವರ್ಷವಾಯಿತು, ಈ ಬಾಯಿಂದ ಬಂದ ಸುಳ್ಳು ಒಂದೇ ಒಂದು. ಅಲ್ಲ ಅನ್ನುವ ಗಂಡಸು ಈ ಮಠದಲ್ಲಿದ್ದರೆ ಎದ್ದು ನಿಲ್ಲಲಿ!" ಎಂದ ಹುಲುಗಪ್ಪ.

ಅಂಗಳದಲ್ಲಿ ಹತ್ತು ಹನ್ನೆರಡು ಶಿಷ್ಯರಿದ್ದರು. ಯಾರೂ ಏಳಲಿಲ್ಲ. ಒಬ್ಬ ಮಾತ್ರ ಕೂತಲ್ಲಿಂದಲೇ, "ಈಗ ಹೇಳಿದ್ದನ್ನೂ ಸೇರಿಸಿದರೆ ಎರಡಾಯಿತಲ್ಲೋ" ಎಂದ. ಉಳಿದವರು ನಕ್ಕರು.

ಗುರುಗಳು ನಗಲಿಲ್ಲ. "ಆ ಒಂದು ಯಾವುದು?" ಎಂದು ಕೇಳಿದರು.

"ಅದನ್ನು ಕೇಳಬೇಡಿ. ನನ್ನ ಪ್ರಶ್ನೆ ಬೇರೆ. ಯಾರಿಗೂ ಗೊತ್ತಿಲ್ಲದ ಸುಳ್ಳನ್ನು ಒಬ್ಬ ತಾನಾಗಿ ಹೋಗಿ ಒಪ್ಪಿಕೊಳ್ಳುತ್ತಾನೆ ಅಂತಿಟ್ಟುಕೊಳ್ಳಿ. ಅವನಿಗೆ ಸಿಗುವುದು ಕ್ಷಮೆಯೋ, ಶಿಕ್ಷೆಯೋ? ಅದು ಮೊದಲೇ ತಿಳಿದುಬಿಟ್ಟರೆ, ಒಪ್ಪಿಕೊಳ್ಳಬೇಕೋ ಬೇಡವೋ ಅಂತ ಆಮೇಲೆ ನೋಡಬಹುದು."

"ಜಾಣ ಇದ್ದೀಯ" ಎಂದರು ಗುರುಗಳು. "ಕೂತುಕೋ."

ಹುಲುಗಪ್ಪ ಕೂತ. ಗುರುಗಳು ಈ ಕತೆ ಹೇಳಿದರು.

ಹೊಳೆಯ ದಂಡೆಯ ಒಂದು ಊರಿನಲ್ಲಿ ಒಬ್ಬ ಮೀನುಗಾರನಿದ್ದ. ಬಲೆ ಬೀಸುವುದರಲ್ಲಿ, ಸುಳಿಯಲ್ಲಿ ಹರಿಗೋಲು ತಿರುಗಿಸುವುದರಲ್ಲಿ ಸುತ್ತ ಏಳು ಊರಿನಲ್ಲಿ ಅವನ ಸಮಕ್ಕೆ ನಿಲ್ಲುವವನಿರಲಿಲ್ಲ. ಈ ಸಂಗತಿಯನ್ನು ಬೇರೆಯವರು ಹೇಳುವ ಅಗತ್ಯ ಬೀಳಲಿಲ್ಲ. ಅವನೇ ಎಲ್ಲರಿಗೂ ಹೇಳುತ್ತಿದ್ದ. ಗೇಣುದ್ದದ ಮೀನು ಅವನ ಬಾಯಿಗೆ ಬಂದರೆ ಮಾರುದ್ದ ಆಗುತ್ತಿತ್ತು. ಆದರೆ ಕೆಲಸಗಾರ ಹೌದು. ಹಾಗಾಗಿ ಊರವರು ಅವನ ಬಡಾಯಿಯನ್ನು ರೊಟ್ಟಿಗೆ ಉಪ್ಪಿನಕಾಯಿ ನೆಂಚಿಕೊಂಡ ಹಾಗೆ ನೆಂಚಿಕೊಂಡು ಸುಮ್ಮನಾಗುತ್ತಿದ್ದರು.

ಆ ಊರಿನ ಹೊಳೆಯಲ್ಲಿ ಒಂದು ಮಡು ಇತ್ತು. ಬೇಸಿಗೆಯಲ್ಲಿ ಹೊಳೆಯೆಲ್ಲ ಒಣಗಿ ಬಂಡೆ ಎದ್ದರೂ ಮಡು ಬತ್ತುತ್ತಿರಲಿಲ್ಲ. ಮೀನೆಲ್ಲ ಅಲ್ಲಿ ಬಂದು ಸೇರುತ್ತಿತ್ತು. ಅಲ್ಲಿ ಯಾವ ದಿನ ಯಾರು ಬಲೆ ಬಿಡಬೇಕೆಂದು ಹೇಳುವ ಹಕ್ಕು ಒಂದು ಮನೆಯದು. ಅದಕ್ಕೆ ಮಡುವಿನ ಯಜಮಾನಿಕೆ ಎನ್ನುತ್ತಿದ್ದರು. ಮೊದಲು ಅದು ಮೀನುಗಾರನ ಅಣ್ಣನ ಕೈಯಲ್ಲಿತ್ತು. ಹಿಂದಿನ ವರ್ಷ ಅಣ್ಣ ಅದೇ ಮಡುವಿನಲ್ಲಿ ಸತ್ತ. ಯಜಮಾನಿಕೆ ಅತ್ತಿಗೆಯ ಕೈಗೆ ಬಂತು.

ಅಣ್ಣ ಸತ್ತದ್ದು ಹೇಗೆಂದು ತಿಳಿಯಬೇಕಾದರೆ ಆ ಊರಿನವರು ಕೆಲಸ ಮಾಡುವ ರೀತಿ ತಿಳಿಯಬೇಕು. ಬಲೆ ಒಮ್ಮೊಮ್ಮೆ ತಳದ ಬಂಡೆಗೆ ಸಿಕ್ಕಿಕೊಳ್ಳುತ್ತದೆ. ಆಗ ಒಬ್ಬ ಮುಳುಗಿ ಬಿಡಿಸಬೇಕು. ಇನ್ನೊಬ್ಬ ಸೊಂಟಕ್ಕೆ ಚೂರಿ ಸಿಕ್ಕಿಸಿಕೊಂಡು ಹರಿಗೋಲಿನಲ್ಲಿ ನಿಲ್ಲಬೇಕು. ನಿಂತವನು ಹುಟ್ಟು ಹಿಡಿದು ಹರಿಗೋಲಿನ ಅಂಚಿಗೆ ಒಂದೊಂದಾಗಿ ಬಡಿಯುತ್ತಾನೆ. ಆ ಸದ್ದು ನೀರಿನ ಒಳಗೂ ಕೇಳುತ್ತದೆ. ಅರವತ್ತು ಪೆಟ್ಟು ಬೀಳುವುದರೊಳಗೆ ಮುಳುಗಿದವನು ಮೇಲೆ ಬರಬೇಕು. ಬಾರದಿದ್ದರೆ ನಿಂತವನು ಹುಟ್ಟು ಬಿಸಾಡಿ ಹಾರಬೇಕು. ಸದ್ದು ನಿಂತಿತೆಂದರೆ ಕೆಳಗೆ ಸಿಕ್ಕಿಕೊಂಡವನಿಗೆ ಧೈರ್ಯ. ಮೇಲಿನವನು ಹೊರಟ ಎಂದು ತಿಳಿಯುತ್ತದೆ. ಆ ಊರಲ್ಲಿ ಮಕ್ಕಳು ಈಜು ಕಲಿಯುವ ಮುಂಚೆ ಈ ಎಣಿಕೆ ಕಲಿಯುತ್ತವೆ.

ಅಣ್ಣ ಮುಳುಗಿದ ದಿನ ಹರಿಗೋಲಿನಲ್ಲಿ ನಿಂತವನು ಈ ಮೀನುಗಾರನೇ.

ಅವನು ಊರಿಗೆ ಬಂದು ಹೇಳಿದ: "ನೀರುನಾಯಿಗಳು ಅಣ್ಣನ ಕಾಲು ಹಿಡಿದು ಎಳೆದವು. ಅರವತ್ತನೆಯ ಪೆಟ್ಟು ಬಿದ್ದ ಕೂಡಲೇ ನಾನು ಹಾರಿದೆ. ಮೂರು ಸಲ ಮುಳುಗಿದೆ. ಮೂರು ಸಲವೂ ಉಸಿರು ಕಟ್ಟಿ ಮೇಲೆ ಬಂದೆ. ಆಮೇಲೆ ಅಣ್ಣ ಅಲ್ಲಾಡಲಿಲ್ಲ."

ಊರವರು ಹೋಗಿ ಬಲೆಯನ್ನೂ ಹೆಣವನ್ನೂ ಎಳೆದು ತಂದರು. ಅಣ್ಣನ ಕಾಲಿನ ಪಕ್ಕದಲ್ಲಿ ಬಲೆ ಹತ್ತು ಕಡೆ ಹಲ್ಲಿನಿಂದ ಕಡಿದು ಹೋಗಿತ್ತು. ಮಾತಿಗೆ ಸಾಕ್ಷಿ ಸಿಕ್ಕಿತು. ಊರು ನಂಬಿತು. 'ಮೂರು ಸಲ ಮುಳುಗಿದವನು' ಎಂದು ಅವನಿಗೆ ಹೆಸರು ಬಂತು. ಮದುವೆಮನೆಯಲ್ಲಿ ಅವನಿಗೆ ಮೊದಲ ಪಂಕ್ತಿಯಲ್ಲಿ ಎಲೆ ಹಾಕಿದರು. ತುಂಬು ಬಸುರಿಯರು, ಇಂಥ ಮಗ ಹುಟ್ಟಲಿ ಎಂದು ಬೇಡಿಕೊಂಡರು.

ಒಂದು ವರ್ಷ ಕಳೆಯಿತು. ಮಡುವಿನಲ್ಲಿ ನೀರುನಾಯಿಗಳು ಏಳಾದವು. ಬಿಟ್ಟ ಬಲೆಯೆಲ್ಲ ಹರಿಯತೊಡಗಿತು. ಮೀನುಗಾರರೆಲ್ಲ ಕಟ್ಟೆಯ ಮೇಲೆ ಕೂಡಿದರು. ಏನು ಮಾಡುವುದೆಂದು ಯಾರಿಗೂ ತೋಚಲಿಲ್ಲ.

ಮೀನುಗಾರ ಎದ್ದು ನಿಂತ. "ಮೂರೇ ದಿನ. ಏಳನ್ನೂ ತಂದು ಈ ಕಟ್ಟೆಯ ಮೇಲೆ ಸುರಿಯದಿದ್ದರೆ ಈ ಮೀಸೆ ಬೋಳಿಸಿ ಹೊಳೆಗೆ ಹಾಕುತ್ತೇನೆ. ಆದರೆ ತಂದ ಮೇಲೆ ಮಡುವಿನ ಯಜಮಾನಿಕೆ ನನ್ನದು."

ಊರ ಹಿರಿಯ ಎಲೆಅಡಿಕೆ ಅಗಿಯುತ್ತಿದ್ದವನು ತಲೆ ಎತ್ತಿದ. "ಏನಪ್ಪಾ, ಉತ್ತರನ ಪೌರುಷ ಒಲೆಯ ಮುಂದೆ ಅಂತ ಆದೀತು, ನೋಡು ಮತ್ತೆ."

"ಮೂರು ಸಲ ಮುಳುಗಿದವನಿಗೆ ಈ ಮಾತೇ?"

ಎಲ್ಲರೂ ಅತ್ತಿಗೆಯ ಕಡೆ ನೋಡಿದರು. ಗಂಡನ ಜೀವ ತೆಗೆದ ಪ್ರಾಣಿಗಳು ಸಾಯುವುದಕ್ಕೆ ಅವಳು ಬೇಡ ಎನ್ನುವುದು ಹೇಗೆ? ಅವಳು ಮೈದುನನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. "ತರಲಿ" ಎಂದಳು. "ಅವನು ಬರಿಗೈಲಿ ಬಂದರೂ ಇದೇ ಕಟ್ಟೆಗೆ ಬರಲಿ."

ಮೀನುಗಾರ ಎರಡು ದಿನ ಬಂಡೆಯ ಮರೆಯಲ್ಲಿ ಕೂತು ನೀರುನಾಯಿಗಳನ್ನು ನೋಡಿದ. ಅವನು ಬಡಾಯಿಕೋರನಾದರೂ ಹೆಡ್ಡನಲ್ಲ. ಹಿಡಿಯಬೇಕಾದ ಪ್ರಾಣಿಯ ದಿನಚರಿ ಗೊತ್ತಿರಬೇಕು ಎಂಬುದು ಅವನಿಗೆ ತಿಳಿದಿತ್ತು.

ದಂಡೆಯ ಹೊಳೆಮತ್ತಿ ಮರದ ಬೇರಿನ ಕೆಳಗೆ ಅವುಗಳ ಬಿಲ. ಬಿಲಕ್ಕೆ ಎರಡು ಬಾಗಿಲು, ಒಂದು ನೆಲದ ಮೇಲೆ, ಒಂದು ನೀರಿನ ಒಳಗೆ. ಒಂದು ಗಂಡು, ಒಂದು ಹೆಣ್ಣು, ಹಿಂದಿನ ಸಲದ ಮೂರು ದೊಡ್ಡ ಮರಿಗಳು, ಈ ಸಲದ ಎರಡು ಸಣ್ಣವು. ದೊಡ್ಡವು ಬೆಳಿಗ್ಗೆ ಒಂದೇ ಸಾಲಿನಲ್ಲಿ ಈಜಿ ಮೀನನ್ನು ದಂಡೆಗೆ ಅಟ್ಟುತ್ತಿದ್ದವು. ನಾಲ್ಕು ಮಂದಿ ಎಳೆಯುವ ಬಲೆ ಹೋದ ಹಾಗೆ ಆ ಸಾಲು ಹೋಗುತ್ತಿತ್ತು. ಹಿಡಿದ ಮೀನನ್ನು ಮುಂಗೈಯಲ್ಲಿ ಹಿಡಿದು ತಲೆಯಿಂದ ತಿನ್ನಲು ಶುರು ಮಾಡುತ್ತಿದ್ದವು. ತಿಂದ ಮೇಲೆ ಮರಳಲ್ಲಿ ಹೊರಳಿ ಮೈ ಒಣಗಿಸಿಕೊಳ್ಳುತ್ತಿದ್ದವು. ಮಲಕ್ಕೆ ಎಲ್ಲವೂ ಒಂದೇ ಬಂಡೆಗೆ ಹೋಗುತ್ತಿದ್ದವು. ಮೀನುಗಾರ ಆ ಬಂಡೆಗೆ ಹೋಗಿ ಕಡ್ಡಿಯಿಂದ ಕೆದಕಿ ನೋಡಿದ. ಮೀನಿನ ಪೊರೆ ಇತ್ತು, ಏಡಿಯ ಚಿಪ್ಪು ಇತ್ತು.

ಸಣ್ಣ ಮರಿಗಳಿಗೆ ಈಜು ಬರುತ್ತಿರಲಿಲ್ಲ. ನೀರುನಾಯಿಯ ಮರಿಗೆ ನೀರೆಂದರೆ ಹೆದರಿಕೆ ಎಂಬುದು ಅವನಿಗೂ ಹೊಸತು. ತಾಯಿ ಒಂದನ್ನು ಕುತ್ತಿಗೆಯಲ್ಲಿ ಕಚ್ಚಿ ನೀರಿಗೆ ಎಳೆದರೆ ಅದು ಶಿಳ್ಳೆ ಹಾಕಿದ ಹಾಗೆ ಚೀರುತ್ತಿತ್ತು. ಚೀರಿದ ಕೂಡಲೇ ಉಳಿದವು ಎಲ್ಲಿದ್ದರೂ ತಲೆ ಎತ್ತುತ್ತಿದ್ದವು. ಮೀನುಗಾರನಿಗೆ ಬೇಕಾದ್ದು ಸಿಕ್ಕಿತು.

ಮೂರನೆಯ ದಿನ ಬೆಳಿಗ್ಗೆ ದೊಡ್ಡವೆಲ್ಲ ಬೇಟೆಗೆ ಹೋದಾಗ ಅವನು ಬಿಲಕ್ಕೆ ಕೈ ಹಾಕಿದ. ಒಂದು ಮರಿ ಕೈಗೆ ಬಂತು, ಇನ್ನೊಂದು ಒಳಕ್ಕೆ ಸರಿದುಕೊಂಡಿತು. ಬಂದ ಮರಿಯನ್ನು ಬುಟ್ಟಿಯಲ್ಲಿ ಹಾಕಿ ಕಟ್ಟಿದ. ಮಡುವಿನ ಆಚೆ ಕಡೆ ಎರಡು ಬಂಡೆಯ ನಡುವೆ ಸೊಂಟದಷ್ಟು ನೀರಿತ್ತು. ಅಲ್ಲಿ ಬಲೆಯನ್ನು ದೊಡ್ಡ ಚೀಲದ ಹಾಗೆ ಕಟ್ಟಿದ್ದ. ಇಮ್ಮಡಿ ಹುರಿಯ ಬಲೆ. ಒಳಗೆ ಹೋಗಲು ದಾರಿ ಅಗಲ, ಹೊರಗೆ ಬರಲು ದಾರಿ ಇಲ್ಲ. ಚೀಲದ ಕೊನೆ ನೀರಿನಿಂದ ಮೇಲಿತ್ತು, ಅಲ್ಲಿ ಬುಟ್ಟಿ ಇಟ್ಟ. ತಾನು ಹರಿಗೋಲಿನಲ್ಲಿ ದೂರ ಸರಿದು ನಿಂತ.

ಅವನ ಲೆಕ್ಕ ಮೀನಿನ ಲೆಕ್ಕ. ಒಂದು ಮೀನು ಬಲೆಯಲ್ಲಿ ಒದ್ದಾಡಿದರೆ ಉಳಿದವು ದಿಕ್ಕಾಪಾಲಾಗುತ್ತವೆ. ಇವೂ ಹಾಗೇ. ಬೆಳಿಗ್ಗೆ ತಾಯಿ ಸಿಗುತ್ತದೆ. ಉಳಿದವು ಓಡುತ್ತವೆ. ಮಧ್ಯಾಹ್ನ ಮರೆತು ಬರುತ್ತವೆ, ಆಗ ಇನ್ನೊಂದು. ಸಂಜೆಯೊಳಗೆ ಏಳು. ಹುಟ್ಟಿದಾಗಿನಿಂದ ಹೊಳೆಯಲ್ಲಿ ಕೆಲಸ ಮಾಡಿದವನು ಮಾಡುವ ತಪ್ಪು ಇದು. ದನ ಸಾಕುವ ದಂಡೆಯ ರೈತ ಮಾಡುತ್ತಿರಲಿಲ್ಲ.

ಮರಿ ಚೀರಿತು. ತಾಯಿ ಬಂತು, ಒಳಗೆ ನುಗ್ಗಿತು, ಸಿಕ್ಕಿಬಿತ್ತು.

ಉಳಿದವು ಓಡಲಿಲ್ಲ. ದೊಡ್ಡ ಮರಿಗಳಲ್ಲಿ ಒಂದು ಬಲೆಯ ಹೊರಗೆ ನಿಂತು ತಾಯಿ ಒದ್ದಾಡುವುದನ್ನು ನೋಡಿತು. ಹೊರಗಿನಿಂದ ಹುರಿ ಕಡಿಯಲು ನೋಡಿತು. ಇಮ್ಮಡಿ ಹುರಿ, ಬೇಗ ಕಡಿಯಲಿಲ್ಲ. ಅದು ಸುತ್ತಿ ಬಂದು ಚೀಲದ ಬಾಯಿಯಿಂದಲೇ ಒಳಗೆ ಹೋಯಿತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮೂರನೆಯದು. ಎಲ್ಲವೂ ನೋಡಿದವು. ನೋಡಿಯೇ ಹೋದವು. ಕೊನೆಗೆ ಮುದಿ ಗಂಡು ಬಂತು. ಅದು ಬಲೆಯನ್ನು ಒಂದು ಸುತ್ತು ಹಾಕಿತು. ಹರಿಗೋಲಿನಲ್ಲಿ ನಿಂತವನನ್ನು ನೋಡಿತು. ಆಮೇಲೆ ಒಳಗೆ ಹೋಯಿತು.

ಅಷ್ಟು ಸುಲಭಕ್ಕೆ ಆರು ಸಿಕ್ಕಿದ್ದಕ್ಕೆ ಮೀನುಗಾರ ಕುಣಿಯಬೇಕಿತ್ತು. ಎಷ್ಟು ಪ್ರಯತ್ನಪಟ್ಟರೂ ಅವನಿಗೆ ಖುಷಿ ಬರಲಿಲ್ಲ. "ಹುಚ್ಚು ಮುಂಡೇವು. ಕಣ್ಣಿಲ್ಲವೇನ್ರೋ ನಿಮಗೆ!" ಎಂದು ಬೈದ. ಅವುಗಳಿಗೆ ಕಣ್ಣಿತ್ತು ಎಂಬುದೇ ಅವನ ಕಷ್ಟ.

ಉಳಿದದ್ದು ಒಂದು ಮರಿ. ಅದನ್ನು ಬಿಲದಿಂದ ಎಳೆದರೆ ಆಯಿತು ಎಂದು ಹರಿಗೋಲು ತಿರುಗಿಸಿದ. ತಿರುಗಿಸಿದವನು ಅಲ್ಲೇ ನಿಂತ. ಮರಿ ಬಿಲದಿಂದ ಹೊರಗೆ ಬಂದಿತ್ತು. ನೀರಿನ ಅಂಚಿನಲ್ಲಿ ನಡುಗುತ್ತ ನಿಂತಿತ್ತು. ಮಡುವಿನ ಈ ದಂಡೆಯಲ್ಲಿ ಅದು, ಆ ದಂಡೆಯಲ್ಲಿ ಬಲೆ. ನಡುವೆ ಇಡೀ ಊರಿನ ಮೀನುಗಾರರು ಅಂಜುವ ಆಳ.

ಮರಿ ನೀರಿಗೆ ಇಳಿಯಿತು.

ಮುಳುಗಿತು. ಎದ್ದಿತು. ಹಿಂದಕ್ಕೆ ಹೋಗಲಿಲ್ಲ. ಮತ್ತೆ ಮುಳುಗಿತು. ಮತ್ತೆ ಎದ್ದಿತು. ಶಿಳ್ಳೆ ಕೇಳಿದ ಕಡೆಗೆ ನಾಲ್ಕು ಮೊಳ ಸರಿಯಿತು. ಮುಳುಗಿತು.

ಟಕ್, ಟಕ್ ಎಂದು ಸದ್ದು ಕೇಳಿ ಮೀನುಗಾರ ಬೆಚ್ಚಿದ. ನೋಡಿದರೆ ಅವನ ಕೈಯೇ ಹುಟ್ಟು ಹಿಡಿದು ಹರಿಗೋಲಿಗೆ ಬಡಿಯುತ್ತಿತ್ತು. ಒಂದು ಜೀವ ಮುಳುಗಿದರೆ ಎಣಿಸುವುದು ಆ ಊರಿನ ಕೈಗೆ ಹತ್ತಿದ ಅಭ್ಯಾಸ. ಎಣಿಕೆ ಐವತ್ತೆಂಟು, ಐವತ್ತೊಂಬತ್ತು, ಅರವತ್ತು. ಕೈ ನಿಲ್ಲಲಿಲ್ಲ. ಅರವತ್ತೊಂದು.

ಹುಲುಗಪ್ಪ, ಇಲ್ಲಿ ಗಮನವಿಟ್ಟು ಕೇಳು. ಒಂದು ವರ್ಷದ ಹಿಂದೆಯೂ ಆ ಕೈ ಅರವತ್ತಕ್ಕೆ ನಿಂತಿರಲಿಲ್ಲ.

ಆ ದಿನ ಅಣ್ಣನ ಕಾಲು ಬಲೆಗೆ ಸುತ್ತಿಕೊಂಡಿತ್ತು. ಅದೇ ಬಲೆಗೆ, ಅದೇ ಜಾಗದಲ್ಲಿ, ಒಂದು ನೀರುನಾಯಿಯ ಮರಿಯೂ ಸಿಕ್ಕಿತ್ತು. ನೀರು ತಿಳಿಯಾಗಿತ್ತು. ಮೇಲೆ ನಿಂತವನಿಗೆ ಎಲ್ಲವೂ ಕಂಡಿತು. ತಾಯಿ ನೀರುನಾಯಿ ಮುಳುಗಿ ಬಲೆ ಕಚ್ಚಿತು. ಉಸಿರಿಗೆ ಮೇಲೆ ಬಂತು. ಮತ್ತೆ ಮುಳುಗಿತು. ಮತ್ತೆ ಬಂತು. ಮೂರನೆಯ ಸಲ ಮರಿಯನ್ನು ಕಚ್ಚಿಕೊಂಡು ಹೋಯಿತು. ಅದು ಕಡಿದ ಬಲೆಯಲ್ಲಿ ಅಣ್ಣನಿಗೂ ಅರ್ಧ ಬಿಡುಗಡೆಯಾಗಿತ್ತು. ಇನ್ನು ಎರಡು ಹುರಿ ಬಾಕಿ. ಚೂರಿ ತಮ್ಮನ ಸೊಂಟದಲ್ಲಿತ್ತು. ಹಾರಲು ಅವನಿಗೆ ಕಾಲು ಏಳಲಿಲ್ಲ. ಅಷ್ಟು ಆಳ ಅವನು ಎಂದೂ ಇಳಿದವನಲ್ಲ. ಇಳಿದಿದ್ದೇನೆ ಎಂದು ಹೇಳಿದವನು ಮಾತ್ರ. ಅವನು ಬಡಿಯುತ್ತಲೇ ಇದ್ದ. ಕೆಳಗಿನ ಅಣ್ಣನಿಗೆ ಆ ಸದ್ದು ಕೇಳುತ್ತಲೇ ಇತ್ತು.

ಆಮೇಲೆ ಊರಿಗೆ ಬಂದು ಹೇಳಿದ ಮೂರು ಸಲದ ಮಾತನ್ನು ಅವನು ಹೊಸದಾಗಿ ಕಟ್ಟಲಿಲ್ಲ. ಮೂರು ಸಲ ಮುಳುಗಿದ್ದು ನಿಜ. ಮುಳುಗಿದವರ ಹೆಸರು ಮಾತ್ರ ಬದಲಿಸಿದ.

ಮಡುವಿನಲ್ಲಿ ಮರಿ ಮತ್ತೆ ಏಳಲಿಲ್ಲ.

ಅರವತ್ತನಾಲ್ಕಕ್ಕೆ ಸದ್ದು ನಿಂತಿತು. ಹುಟ್ಟು ನೀರಿಗೆ ಬಿತ್ತು. ಅದರ ಹಿಂದೆ ಮೀನುಗಾರ ಬಿದ್ದ. ಮೊದಲನೆಯ ಸಲ ಬರೀ ಕೆಸರು ಸಿಕ್ಕಿತು. ಎರಡನೆಯ ಸಲ ಕಿವಿಯಲ್ಲಿ ಸೂಜಿ ಚುಚ್ಚಿದ ಹಾಗಾಯಿತು. ಇನ್ನೂ ಕೆಳಗೆ ಹೋದ. ಕೈಗೆ ಮೆತ್ತಗೆ ಏನೋ ತಾಗಿತು. ಹಿಡಿದುಕೊಂಡು ಮೇಲೆ ಬಂದ. ಬಂಡೆಯ ಮೇಲೆ ಹಾಕಿ ಹಿಂಗಾಲು ಹಿಡಿದು ಕೊಡವಿದ. ಮರಿಯ ಮೂಗಿನಿಂದ ನೀರು ಸುರಿಯಿತು. ಅದು ಕೆಮ್ಮಿತು.

ಅವನು ಚೂರಿ ತೆಗೆದು ಬಲೆ ಕೊಯ್ದ. ಬುಟ್ಟಿಯ ಕಟ್ಟು ಬಿಚ್ಚಿದ. ಮುದಿ ಗಂಡು ಹೊರಗೆ ಬರುವಾಗ ಅವನ ಅಂಗೈಯನ್ನು ಈ ಕಡೆಯಿಂದ ಆ ಕಡೆಗೆ ಕಚ್ಚಿ ಹೋಯಿತು. ಅವು ಉಪಕಾರ ತಿಳಿದು ತಿರುಗಿ ನೋಡಿದವು ಎಂದು ನಾನು ಹೇಳಿದರೆ ಅದು ಸುಳ್ಳಾಗುತ್ತದೆ. ತಾಯಿ ಎರಡು ಮರಿಗಳನ್ನೂ ಒಂದಾದ ಮೇಲೊಂದು ಕಚ್ಚಿ ಸಾಗಿಸಿತು. ಏಳೂ ಹೋದವು. ಯಾವುದೂ ತಿರುಗಿ ನೋಡಲಿಲ್ಲ.

ಮೀನುಗಾರ ಕಟ್ಟೆಗೆ ಬಂದ. ಕೈಯಿಂದ ರಕ್ತ ಸೋರುತ್ತಿತ್ತು. ಊರವರೆಲ್ಲ ಕಾದಿದ್ದರು.

"ಎಲ್ಲಪ್ಪಾ ಏಳು?" ಎಂದ ಹಿರಿಯ. "ಕ್ಷೌರಿಕನನ್ನು ಕರೆಸಲೋ?"

ಕೆಲವರು ನಕ್ಕರು. ಮೀನುಗಾರ ನಗು ನಿಲ್ಲುವವರೆಗೆ ಕಾದ. ಆಮೇಲೆ ಎಲ್ಲವನ್ನೂ ಹೇಳಿದ. ಬಲೆ ಕಡಿದದ್ದು ಯಾರು, ಮೂರು ಸಲ ಮುಳುಗಿದ್ದು ಯಾರು, ಚೂರಿ ಎಲ್ಲಿತ್ತು, ಎಲ್ಲವನ್ನೂ. ಅವನ ಜೀವನದಲ್ಲಿ ಅವನು ಅಷ್ಟು ಚಿಕ್ಕದಾಗಿ ಹೇಳಿದ ಮಾತು ಬೇರೆ ಇರಲಿಲ್ಲ.

ಮುದುಕಿಯೊಬ್ಬಳು ನೆಲಕ್ಕೆ ಉಗಿದಳು. ಹಿಂದಿನಿಂದ ಯಾರೋ, "ಕಲ್ಲು ಕಟ್ಟಿ ಅದೇ ಮಡುವಿಗೆ ಹಾಕಿ ಇವನನ್ನು" ಎಂದು ಕೂಗಿದರು. ಮೂರು ನಾಲ್ಕು ಮಂದಿ ಎದ್ದೇಬಿಟ್ಟರು.

"ಕೂತುಕೊಳ್ಳಿ" ಎಂದಳು ಅತ್ತಿಗೆ.

ಕೂತರು.

ಅವಳು ಮೈದುನನ ಎದುರು ಬಂದು ನಿಂತಳು. "ಎಷ್ಟು ಬಡಿದೆ ಅಂತ ನೀನು ಹೇಳಲಿಲ್ಲ."

"ಎಣಿಸಲಿಲ್ಲ ಅತ್ತಿಗೆ."

"ನೂರಾ ನಲವತ್ತು" ಎಂದಳು ಅವಳು. "ನಾನು ತಿರುವಿನ ಆಚೆ ಬಟ್ಟೆ ಒಗೆಯುತ್ತಿದ್ದೆ. ಎಪ್ಪತ್ತು ದಾಟಿದ ಮೇಲೆ ಓಡತೊಡಗಿದೆ. ಓಡುತ್ತಲೂ ಎಣಿಸಿದೆ. ನಾನು ಬಂದದ್ದು ನಿನಗೆ ಕಾಣಲಿಲ್ಲ. ಅಷ್ಟರಲ್ಲಿ ನೀನು ದಂಡೆಯಲ್ಲಿ ಬಟ್ಟೆ ಒದ್ದೆ ಮಾಡಿಕೊಳ್ಳುತ್ತಿದ್ದೆ."

ಒಂದು ವರ್ಷ ಮೀನುಗಾರ ಅವಳ ಮನೆಯಲ್ಲಿ ಊಟ ಮಾಡಿದ್ದ. ಬಡಿಸುವಾಗಲೆಲ್ಲ ಅವಳಿಗೆ ಗೊತ್ತಿತ್ತು.

"ಗೊತ್ತಿದ್ದೂ ಯಾಕೆ ಸುಮ್ಮನಿದ್ದೆಯಮ್ಮಾ?" ಎಂದು ಹಿರಿಯ ಕೇಳಿದ.

"ಹೇಳಿದ್ದರೆ ನೀವು ಯಾರನ್ನು ನಂಬುತ್ತಿದ್ದಿರಿ ಮಾವ?"

ಅವಳು ಮತ್ತೆ ಮೈದುನನ ಕಡೆ ತಿರುಗಿದಳು. ದನಿ ಏರಲಿಲ್ಲ. ನಾಳೆ ಯಾರ ಸರದಿ ಎಂದು ಹೇಳುವಾಗ ಮಡುವಿನ ಯಜಮಾನಿ ಹೇಗೆ ಹೇಳುತ್ತಾಳೋ ಹಾಗೇ ಹೇಳಿದಳು: "ನನ್ನ ಬಲೆ ನಿನ್ನೆಯಿಂದ ತಳದ ಬಂಡೆಗೆ ಸಿಕ್ಕಿಕೊಂಡಿದೆ. ನಾಳೆ ಬೆಳಿಗ್ಗೆ ನಾನು ಮುಳುಗುತ್ತೇನೆ. ಮೇಲೆ ನೀನು ನಿಲ್ಲು."

ಗುರುಗಳು ಕತೆ ನಿಲ್ಲಿಸಿದರು. ಮೊದಲು ಹಾಸ್ಯ ಮಾಡಿದವನು ಈಗ ಹುಲುಗಪ್ಪನ ಮುಖವನ್ನೂ ನೋಡದೆ ಕೂತಿದ್ದ.

ಹುಲುಗಪ್ಪ ಮುಂದಕ್ಕೆ ಸರಿದು ಕೂತ. "ಗುರುಗಳೇ, ನೀವು ನನ್ನ ಪ್ರಶ್ನೆಗೆ ಉತ್ತರ ಹೇಳಲಿಲ್ಲ. ಕ್ಷಮೆಯೋ, ಶಿಕ್ಷೆಯೋ? ಒಪ್ಪಿಕೊಂಡ ಮೇಲೆ ಕೊನೆಗೂ ಅವನಿಗೆ ಕೊಟ್ಟದ್ದು ಏನು?"

"ಹರಿಗೋಲಿನಲ್ಲಿ ನಿಲ್ಲುವ ಜಾಗ" ಎಂದರು ಗುರುಗಳು.